ಶೇಕಡ ಐದರಷ್ಟು ಮರಣ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಕಂಪನಿಯಲ್ಲಿ ನನ್ನ ಕೆಲಸ ಸಭೆಗಳ ನಡಾವಳಿ ಬರೆಯುವುದು. ಯಾರು ಏನು ಹೇಳಿದರು, ಯಾರು ಒಪ್ಪಿದರು, ಚಹಾ ಎಷ್ಟು ಗಂಟೆಗೆ ಬಂತು, ಇಷ್ಟನ್ನೇ ಬರೆದು ರೂಢಿ. ಆದ್ದರಿಂದ ಎಲ್ಲಾದರೂ ಬೇಕಾದ್ದಕ್ಕಿಂತ ಹೆಚ್ಚು ವಿವರಿಸಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಕತೆ ನನ್ನದಲ್ಲ, ಕತೆಗಾರರದು. ಅವರು ಯಾರು ಎಂಬುದು ಇನ್ನೊಂದು ಪ್ಯಾರಾ ಬಿಟ್ಟು ಬರುತ್ತದೆ.

ಸಂಗತಿ ಇಷ್ಟು. ಫೋನಿನಿಂದ ತೆರೆಯುವ ಬಾಗಿಲ ಬೀಗಗಳನ್ನು ತಯಾರಿಸುವ ಕಂಪನಿಯು ತನ್ನ ನೂರ ಹದಿನಾಲ್ಕನೇ ಆಡಳಿತ ಸಭೆಯಲ್ಲಿ, ಇನ್ನು ಮುಂದೆ ಟಿವಿ ಧಾರಾವಾಹಿಯನ್ನೂ ತಯಾರಿಸತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನಿಸಿತು. ಇದಕ್ಕೆ ಕಾರಣವಿತ್ತು. ಜನ ಕಂಪನಿಯ ಆ್ಯಪನ್ನು ದಿನಕ್ಕೆ ಎರಡೇ ಸಲ ತೆರೆಯುತ್ತಿದ್ದರು: ಮನೆಯಿಂದ ಹೊರಡುವಾಗ ಒಮ್ಮೆ, ಮರಳುವಾಗ ಒಮ್ಮೆ. ಇದು ಯಜಮಾನರ ಮನಸ್ಸಿಗೆ ನಾಟಿತ್ತು. "ಇಷ್ಟು ಚೆನ್ನಾಗಿರೋ ಬೀಗ ಕೊಟ್ಟಿದೀವಿ. ಒಳಗೆ ಕಾಲಿಟ್ಟ ತಕ್ಷಣ ನಮ್ಮನ್ನ ಮರ್ತೇಬಿಡ್ತಾರಲ್ಲ," ಎಂದು ಅವರು ಹೇಳಿದ್ದು ನಡಾವಳಿಯಲ್ಲಿದೆ. ಒಳಗೆ ಹೋದ ಮೇಲೆ ಜನ ಏನು ಮಾಡುತ್ತಾರೆ ಎಂದು ಸಮೀಕ್ಷೆ ನಡೆಸಲಾಯಿತು. ನಾಲ್ಕು ತಿಂಗಳ ಅಧ್ಯಯನದ ನಂತರ, ಟಿವಿ ನೋಡುತ್ತಾರೆ ಎಂದು ತಿಳಿದುಬಂತು.

ಹೀಗೆ ಕತೆಗಾರರು ಬಂದರು. ಇಪ್ಪತ್ತಾರು ವರ್ಷ ರೇಡಿಯೋಗೆ ನಾಟಕ ಬರೆದವರು. ಶರ್ಟಿನ ಜೇಬಿನಲ್ಲಿ ಸದಾ ಎರಡು ಪೆನ್ನು, ಒಂದು ಬರೆಯಲು, ಇನ್ನೊಂದು ಯಾರಾದರೂ ಕೇಳಿದರೆ ಕೊಡಲು. ಅವರು ಹಾಕಿದ್ದು ಒಂದೇ ಷರತ್ತು: ಒಂಬತ್ತನೇ ಕಂತನ್ನು ಯಾರೂ ಮುಟ್ಟಬಾರದು. ನೇಮಕದ ಪತ್ರದಲ್ಲಿ ಇದನ್ನು "ಸೂಕ್ತವಾಗಿ ಪರಿಗಣಿಸಲಾಗುವುದು" ಎಂದು ಬರೆದರು. ಸೂಕ್ತವಾಗಿ ಎಂದರೆ ಏನೆಂದು ರೇಡಿಯೋದವರಿಗೆ ಗೊತ್ತಿರಲಿಲ್ಲ.

ಒಂಬತ್ತನೇ ಕಂತು ಏಕೆ ಮುಖ್ಯ ಎಂಬುದನ್ನು ಇಲ್ಲಿಯೇ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗದು. ಕತೆಗಾರರ ತಾಯಿ ತೀರಿಕೊಂಡ ದಿನ ಅವರು ಸಂಜೆಯ ಬಸ್ಸಿಗೆ ಬರುತ್ತೇನೆಂದು ಹೇಳಿ, ಬರಲಿಲ್ಲ. ರೆಕಾರ್ಡಿಂಗ್ ಇತ್ತಂತೆ. ಮರುದಿನ ಬೆಳಿಗ್ಗೆ ಬಂದು ಬಾಗಿಲು ತಟ್ಟಲು ಕೈ ಎತ್ತಿದರೆ, ಕೈ ತಾಗಿದ್ದೇ ಬಾಗಿಲು ತೆರೆದುಕೊಂಡಿತು. ಚಿಲಕ ಹಾಕಿರಲಿಲ್ಲ. "ಅವನು ಬರ್ತಾನೆ, ಹಾಕ್ಬೇಡ ಅಂದ್ಲು," ಎಂದು ಅಕ್ಕ ಒಂದೇ ಮಾತು ಹೇಳಿದರು. ಆಮೇಲೆ ಹದಿನೇಳು ವರ್ಷ ಅಕ್ಕತಮ್ಮ ಕರೆಂಟು, ನೀರು, ಮೊಣಕಾಲು ನೋವು ಬಿಟ್ಟು ಬೇರೆ ಮಾತಾಡಿಲ್ಲ. ಕತೆಗಾರರಿಗೆ ಒಂದೇ ಆಸೆ. ಆ ಬಾಗಿಲು ತೆರೆದುಕೊಳ್ಳುವುದನ್ನು ಅಕ್ಕ ಟಿವಿಯಲ್ಲಿ ನೋಡಬೇಕು, ಬಾಯಿಬಿಟ್ಟು ಹೇಳಲಾಗದ್ದು ಅಷ್ಟರಿಂದ ಅವರಿಗೆ ತಲುಪಬೇಕು.

ಕಂಪನಿಯಲ್ಲಿ ಏನೇ ತಯಾರಾದರೂ ಮೊದಲು ಪರೀಕ್ಷಕಿಯ ಮೇಜಿಗೆ ಹೋಗಬೇಕು. ಹೊಸ ಬೀಗದಲ್ಲಿ ಏನೇನು ತಪ್ಪಿದೆ ಎಂದು ಹುಡುಕಿ ಪಟ್ಟಿ ಮಾಡುವುದು ಆಕೆಯ ಕೆಲಸ. ಜಾಣೆ, ಶಿಸ್ತಿನವಳು, ಹನ್ನೊಂದು ವರ್ಷದಿಂದ ಒಂದು ದೋಷವನ್ನೂ ಕಣ್ತಪ್ಪಿ ಬಿಟ್ಟವಳಲ್ಲ. ಕತೆಯೂ ಅದೇ ಮೇಜಿಗೆ ಹೋಯಿತು. ಮೂರು ದಿನದಲ್ಲಿ ಪಟ್ಟಿ ಬಂತು.

ದೋಷ ೧: ಅತ್ತೆ ಸೊಸೆ ಮೂರು ದಿನದಿಂದ ಮಾತಾಡುತ್ತಿಲ್ಲ. ನಿರೀಕ್ಷಿತ ಸ್ಥಿತಿ: ಮಾತಾಡುವುದು.

ದೋಷ ೧೪: ಮೊಮ್ಮಗ ಪರೀಕ್ಷೆಯಲ್ಲಿ ಫೇಲು. ನಿರೀಕ್ಷಿತ ಸ್ಥಿತಿ: ಪಾಸು.

ದೋಷ ೨೨: ಪಕ್ಕದ ಮನೆಯವರು ಸುಳ್ಳು ಹೇಳುತ್ತಾರೆ, ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಪುನಃ ಪರಿಶೀಲಿಸಲಾಗಿದೆ, ನಿಜಕ್ಕೂ ಗೊತ್ತಾಗುವುದಿಲ್ಲ.

ಕತೆಗಾರರು ಒಂದೊಂದನ್ನೇ ತಿದ್ದಿದರು. ಅತ್ತೆ ಸೊಸೆ ಮಾತಾಡಿದರು. ಮೊಮ್ಮಗ ಪಾಸಾದ. ಪಕ್ಕದ ಮನೆಯವರು ತಾವಾಗಿಯೇ ಬಂದು ಒಪ್ಪಿಕೊಂಡರು. ಪ್ರತಿಯೊಂದರ ಮುಂದೆ "ಸರಿಪಡಿಸಲಾಗಿದೆ" ಎಂದು ಬರೆದು ಸಹಿ ಹಾಕಿದರು. ಒಂಬತ್ತನೇ ಕಂತಿಗಾಗಿ ಹೋರಾಡಲು ಕಸುವು ಉಳಿಸಿಕೊಳ್ಳುವುದು ಅವರ ಲೆಕ್ಕಾಚಾರವಾಗಿತ್ತು.

ಒಂಬತ್ತನೆಯದು ಬಂತು. ಪರೀಕ್ಷಕಿ ಕುರ್ಚಿ ಎಳೆದುಕೊಂಡು ಕೂತಳು.

"ಸರ್, ಇಲ್ಲಿ ತಾಯಿ ಸಾಯ್ತಾರೆ ಅಂತ ಇದೆ."

"ಹೌದಮ್ಮ."

"ಮತ್ತೆ ಎಷ್ಟು ಹೊತ್ತಿಗೆ ಏಳ್ತಾರೆ?"

"ಏಳಲ್ಲ."

"ಏಳಲ್ಲ ಅಂದ್ರೆ ಬಿಡುಗಡೆ ಆಗಲ್ಲ ಸರ್. ಹಿಂದಕ್ಕೆ ತರೋಕಾಗದ ಬದಲಾವಣೆ ಯಾವುದನ್ನೂ ನಾವು ಬಿಡೋ ಹಾಗಿಲ್ಲ. ಬೀಗದ ಕಾಲದಿಂದ ಇರೋ ನಿಯಮ."

"ಸಾವನ್ನ ಹೇಗಮ್ಮ ಹಿಂದಕ್ಕೆ ತರೋದು?"

"ಅದನ್ನೇ ನಾನು ಕೇಳ್ತಿರೋದು. ಅದಕ್ಕೊಂದು ಯೋಜನೆ ಬರ್ದುಕೊಡಿ." ಆಕೆಯ ದನಿಯಲ್ಲಿ ಕುಹಕವಿರಲಿಲ್ಲ. "ಹನ್ನೊಂದು ವರ್ಷದ ಹಿಂದೆ ಒಂದು ಸಲ ಹೀಗೇ ಧೈರ್ಯ ಮಾಡಿ ಹೊಸ ಬದಲಾವಣೆ ಬಿಟ್ವಿ. ಬೀಗ ತೆರೀದೆ ನಲವತ್ತು ಸಾವಿರ ಜನ ಅವರವರ ಮನೆ ಮುಂದೇನೇ ನಿಂತ್ಕೊಂಡ್ರು. ಅದರಲ್ಲಿ ನಮ್ಮ ಮಾವನೂ ಇದ್ರು, ಟವೆಲ್ ಸುತ್ಕೊಂಡು. ಇವತ್ತಿಗೂ ನನ್ನ ಹತ್ರ ಸರಿಯಾಗಿ ಮಾತಾಡಲ್ಲ."

"ನಮ್ಮ ಅಕ್ಕನೂ ಅಷ್ಟೆ," ಎಂದರು ಕತೆಗಾರರು.

"ಇನ್ನೊಂದಿದೆ ಸರ್. ಬಾಗಿಲಿಗೆ ಚಿಲಕ ಹಾಕಿಲ್ಲ ನೀವು. ಅದು ಭದ್ರತಾ ದೋಷ. ಬೀಗದ ಕಂಪನಿ ನಮ್ದು."

ಮಾತು ಯಜಮಾನರವರೆಗೆ ಹೋಯಿತು. ಅವರು ದೊಡ್ಡ ಮನಸ್ಸಿನವರು. ಅವರ ಕೋಣೆಯ ಬಾಗಿಲಿಗೆ ಒಟ್ಟು ಒಂಬತ್ತು ಮಾದರಿಯ ಬೀಗಗಳಿದ್ದು, ಒಳಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಕತೆಗಾರರು ನಿಂತೇ ಎಲ್ಲವನ್ನೂ ಹೇಳಿದರು, ಬಸ್ಸಿನ ವಿಷಯವನ್ನೂ ಸೇರಿಸಿ. ಯಜಮಾನರು ಕಣ್ಣು ಒರೆಸಿಕೊಂಡರು. ಇದೂ ನಡಾವಳಿಯಲ್ಲಿದೆ.

"ನಿಮ್ಮಮ್ಮ ಸಾಯ್ಲಿ," ಎಂದರು. "ನಾನು ಅಡ್ಡ ಬರಲ್ಲ. ಆದ್ರೆ ಹಂತಹಂತವಾಗಿ ಸಾಯ್ಲಿ. ಮೊದಲು ನೂರಕ್ಕೆ ಐದು ಮನೇಲಿ ಸಾಯ್ಲಿ. ದೂರು ಬರಲಿಲ್ಲ ಅಂದ್ರೆ ಮುಂದಕ್ಕೆ ನೋಡೋಣ."

"ಉಳಿದ ಮನೇಲಿ?"

"ಆರಾಮಾಗಿರ್ತಾರೆ."

"ಚಿಲಕ, ಸರ್?"

ಯಜಮಾನರು ತಮ್ಮ ಬಾಗಿಲ ಒಂಬತ್ತು ಬೀಗಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಅವರ ಮುಖ ಅರಳಿತು. "ಸತ್ತ ಮನೇಲಿ ಚಿಲಕ ಹಾಕ್ದೇ ಇರ್ಲಿ ಬಿಡಿ. ಕೆಳಗೊಂದು ಸಾಲು ಹಾಕೋಣ. ಬದುಕಿದ ಮನೇಲಿ ನಮ್ಮ ಬೀಗ ಇರ್ಲಿ. ಜನ ಅವರಾಗೇ ಅರ್ಥ ಮಾಡ್ಕೋತಾರೆ."

ಮರುದಿನದ ಸುತ್ತೋಲೆಯನ್ನು ನಾನೇ ಟೈಪು ಮಾಡಿದೆ:

"ಒಂಬತ್ತನೇ ಕಂತಿನಲ್ಲಿ ಬರುವ ತಾಯಿಯವರ ಮರಣವನ್ನು ಮೊದಲ ಹಂತದಲ್ಲಿ ಶೇಕಡ ಐದರಷ್ಟು ಮನೆಗಳಲ್ಲಿ ಮಾತ್ರ ಜಾರಿಗೊಳಿಸಲಾಗುವುದು. ಉಳಿದ ಶೇಕಡ ತೊಂಬತ್ತೈದು ಮನೆಗಳಲ್ಲಿ ತಾಯಿಯವರು ಎಂದಿನಂತೆ ಜೀವಿಸಿರತಕ್ಕದ್ದು. ಮರಣದಲ್ಲಿ ಯಾವುದೇ ತೊಂದರೆ ಕಂಡುಬಂದಲ್ಲಿ ಇಪ್ಪತ್ನಾಲ್ಕು ಗಂಟೆಯೊಳಗೆ ತಾಯಿಯವರನ್ನು ಹಿಂದಿನ ಸ್ಥಿತಿಗೆ ತರಲಾಗುವುದು."

ಇದು ಹೇಗೆ ಸಾಧ್ಯ ಎಂದು ಕೆಲವರು ಕೇಳಬಹುದು. ಕಂಪನಿಯ ಧಾರಾವಾಹಿ ಟಿವಿಗೆ ಬರುವುದು ಆ್ಯಪಿನ ಮೂಲಕ, ಬೀಗ ಇಲ್ಲದವರಿಗೂ ಅದು ಸಿಗುತ್ತದೆ. ಯಾವ ಮನೆಗೆ ಯಾವುದು ಹೋಗಬೇಕೆಂದು ಇಲ್ಲಿಂದಲೇ ಹಂಚಬಹುದು. ಬೀಗಕ್ಕೆ ಹಾಗೆಯೇ ಮಾಡುತ್ತಿದ್ದೆವು.

ತಾಯಿಯ ಪಾತ್ರ ಮಾಡುವ ಹಿರಿಯ ನಟಿಗೆ ಮಾತ್ರ ಸ್ವಲ್ಪ ಗೊಂದಲವಾಯಿತು. ಹಿಂದಿನ ಸ್ಥಿತಿಗೆ ತರಬೇಕಾಗಿ ಬಂದರೆ ಆಕೆ ಸ್ಥಳದಲ್ಲಿಯೇ ಇರಬೇಕಲ್ಲ.

"ಅಂದ್ರೆ ಸತ್ತ ಮೇಲೂ ಬೆಳಿಗ್ಗೆ ಏಳಕ್ಕೆ ಬಂದು ಕೂರ್ಬೇಕಾ?"

"ಎಂಟಕ್ಕೆ ಬಂದ್ರೆ ಸಾಕಮ್ಮ," ಎಂದಳು ಪರೀಕ್ಷಕಿ.

"ಬದುಕಿದ್ದಾಗ ಈ ಸೌಲಭ್ಯ ಇರ್ಲಿಲ್ಲ ನೋಡಿ," ಎಂದು ನಟಿ ಒಪ್ಪಿಕೊಂಡರು.

ಕಂತು ಪ್ರಸಾರವಾಯಿತು. ನೂರಕ್ಕೆ ಐದು ಮನೆಯಲ್ಲಿ ಮಗ ಬೆಳಿಗ್ಗೆ ಬಂದು ಕೈ ಎತ್ತಿದ, ಬಾಗಿಲು ತಾನಾಗಿ ತೆರೆಯಿತು, ಒಳಗೆ ಕುರ್ಚಿಯಲ್ಲಿ ತಾಯಿ. ಕೆಳಗೆ ಒಂದು ಸಾಲು ಹಾದುಹೋಯಿತು: "ಈ ಬಾಗಿಲಿಗೆ ನಮ್ಮ ಬೀಗ ಇರಲಿಲ್ಲ." ಉಳಿದ ತೊಂಬತ್ತೈದು ಮನೆಯಲ್ಲಿ ಬೀಗ ಕಿಂಯ್ ಎಂದು ಮಗನ ಗುರುತು ಹಿಡಿಯಿತು, ತಾಯಿ ಎದ್ದು ಬಂದು, "ಬಂದ್ಯಾ? ಕೈಕಾಲು ತೊಳ್ಕೋ," ಎಂದರು. ಈ ಎರಡನೆಯದನ್ನೂ ಕತೆಗಾರರೇ ಬರೆದಿದ್ದರು. ಬರೆಯಲು ಹತ್ತು ನಿಮಿಷ ಸಾಕಾಗಿತ್ತು, ಅದಕ್ಕೇ ಅವರಿಗೆ ಅದರ ಮೇಲೆ ಗೌರವವಿರಲಿಲ್ಲ.

ಅಕ್ಕನ ಫೋನು ಬಂತು. ಹದಿನೇಳು ವರ್ಷದಲ್ಲಿ ಕರೆಂಟು, ನೀರು, ಮೊಣಕಾಲಿನ ವಿಷಯವಲ್ಲದೆ ಬಂದ ಮೊದಲ ಫೋನು.

"ನೋಡ್ದೆ ಕಣೋ," ಎಂದರು ಅಕ್ಕ.

ಕತೆಗಾರರು ಫೋನನ್ನು ಕಿವಿಗೆ ಒತ್ತಿ ಹಿಡಿದರು. "ಬಾಗಿಲು ನೋಡಿದ್ಯಾ ಅಕ್ಕ?"

"ನೋಡ್ದೆ. ಒಳ್ಳೇ ಬೀಗ. ನಾನೂ ಒಂದು ಹಾಕಿಸ್ಬೇಕು. ಅಮ್ಮನ್ನ ಉಳಿಸಿದ್ಯಲ್ಲ, ಪುಣ್ಯ ಬರುತ್ತೆ ನಿಂಗೆ."

ಅಕ್ಕನ ಮನೆ ತೊಂಬತ್ತೈದರಲ್ಲಿ ಬಿದ್ದಿತ್ತು. ಕತೆಗಾರರು ಓಡುವ ಹಾಗೆ ಪರೀಕ್ಷಕಿಯ ಮೇಜಿಗೆ ಬಂದರು. ಒಂದೇ ಒಂದು ಮನೆಯನ್ನು ಐದರ ಗುಂಪಿಗೆ ಬದಲಾಯಿಸಿ ಎಂದು ಬೇಡಿಕೊಂಡರು.

"ಚೀಟಿ ಎತ್ತಿದ ಹಾಗೆ ಆಗಿರೋ ಹಂಚಿಕೆ ಸರ್. ನಮಗೆ ಬೇಕಾದವರ ಮನೇಲಿ ಸಾವು ಇಟ್ರೆ ತಪ್ಪಾಗುತ್ತೆ." ಆಕೆ ಡ್ರಾಯರು ಎಳೆದಳು. "ಆದ್ರೆ ವೀಕ್ಷಕರೇ ಕೇಳ್ಕೊಂಡ್ರೆ ಅವಕಾಶ ಇದೆ. ನಮೂನೆ ಏಳು."

ನಮೂನೆ ಏಳು ಹೀಗಿತ್ತು: "ಕೆಳಗೆ ಸಹಿ ಮಾಡಿರುವ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ, ತಾಯಿಯವರು ನನ್ನ ಮನೆಯಲ್ಲಿ ಸಾಯಬೇಕೆಂದು ಕೋರುತ್ತೇನೆ. ಮೃತರೊಂದಿಗೆ ಸಂಬಂಧ. ಕಾರಣ, ಐವತ್ತು ಪದಗಳಿಗೆ ಮೀರದಂತೆ."

ಅಂದು ಸಂಜೆಯ ಬಸ್ಸಿಗೇ ಕತೆಗಾರರು ಹೋದರು. ಅಕ್ಕ ಬಟ್ಟೆ ಹೊಲಿಯುವವರು. ಕಿಟಕಿಯ ಪಕ್ಕ ಮಿಷನ್ನು, ಮಿಷನ್ನಿನ ಮೇಲೆ ಯಾರದೋ ಶಾಲೆಯ ಯೂನಿಫಾರ್ಮು, ತುಟಿಯಲ್ಲಿ ಎರಡು ಗುಂಡುಪಿನ್ನು. ತಮ್ಮ ಕೊಟ್ಟ ಕಾಗದವನ್ನು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಪಿನ್ನು ತೆಗೆದಿಟ್ಟರು.

"ಕಾರಣ ಅಂತ ಇದೆಯಲ್ಲ. ಏನಂತ ಬರೀಲಿ?"

"ನನ್ನ ತಮ್ಮ ಹೇಳಿದ ಅಂತ ಬರಿ."

"ಯಾರ ಒತ್ತಾಯವೂ ಇಲ್ಲದೆ ಅಂತ ಮೇಲೆ ಇದೆ."

ಕತೆಗಾರರು ನೆಲ ನೋಡಿದರು. "ಅಕ್ಕ, ಆ ಬಾಗಿಲು ನಿಂಗೆ ತೋರಿಸ್ಬೇಕಿತ್ತು. ಅವತ್ತು ಅವಳು ಕಾಯ್ತಿದ್ಲು ಅಂತ ನಂಗೆ ಗೊತ್ತು ಅಂತ, ಅಷ್ಟು."

"ಗೊತ್ತಿರುತ್ತೆ ಅಂತ ನಂಗೂ ಗೊತ್ತಪ್ಪ. ನೀನೇನು ಕಲ್ಲಲ್ಲ." ಅಕ್ಕ ಕಾಗದವನ್ನು ಮಡಿಕೆ ಸರಿಯಾಗಿ ಕೂರಿಸಿ ವಾಪಸು ಕೊಟ್ಟರು. "ನಾನು ಒಂದು ಸಲ ಪಕ್ಕದಲ್ಲೇ ಕೂತು ನೋಡಿದೀನಿ. ಇನ್ನೊಂದು ಸಲ ನೋಡೋಕೆ ನನ್ನ ಕೈಲೇ ಸಹಿ ಹಾಕಿಸ್ತೀಯಾ? ನೋಡದೆ ಇದ್ದವನು ನೀನು, ನೀನು ನೋಡ್ಕೋ. ನಮ್ಮನೇಲಿ ಅಮ್ಮ ಇರ್ಲಿ."

ಬಳಸದ ನಮೂನೆಯನ್ನು ಹಿಂದಿರುಗಿಸಬೇಕೆಂಬ ನಿಯಮವಿದೆ. ಕತೆಗಾರರು ಹಿಂದಿರುಗಿಸಿದರು. ಪರೀಕ್ಷಕಿ ಅದರ ಮೇಲೆ "ದೋಷವಲ್ಲ" ಎಂದು ಬರೆದು ಕಡತಕ್ಕೆ ಸೇರಿಸಿದಳು.

ತಿಂಗಳ ಕೊನೆಗೆ ಪರಾಮರ್ಶೆ ಸಭೆ ಸೇರಿತು. ಮರಣ ಸಂಭವಿಸಿದ ಮನೆಗಳಿಂದ ದೂರುಗಳು ಮೂರು ಮಾತ್ರ. ಒಂದರಲ್ಲಿ, ಬಾಗಿಲಿನ ಬಣ್ಣ ಯಾವುದೆಂದು ಕೇಳಿದ್ದರು. ಬೀಗದ ವಿಚಾರಣೆಗಳು ಮಾತ್ರ ಹಿಂದೆಂದೂ ಕಾಣದಷ್ಟು ಬಂದಿದ್ದವು. ಒಂದೇ ಓಣಿಯ ಎದುರುಬದುರು ಮನೆಗಳಲ್ಲಿ ಒಬ್ಬರು ದುಃಖದಲ್ಲಿ ಕೆಲಸಕ್ಕೆ ರಜೆ ಹಾಕಿದ್ದರು, ಇನ್ನೊಬ್ಬರು ಹಾಕಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಿರಲಿಲ್ಲ, ಅವರವರ ಮನೆ ವಿಷಯ ಎಂದು. ಯಜಮಾನರು ಇದನ್ನು ಪ್ರೌಢಿಮೆ ಎಂದು ಕರೆದರು. ತಾಯಿಯವರು ಇನ್ನು ಮುಂದೆ ಶಾಶ್ವತವಾಗಿ ಸತ್ತೂ ಇರತಕ್ಕದ್ದು, ಬದುಕಿಯೂ ಇರತಕ್ಕದ್ದು ಎಂದು ಠರಾವಾಯಿತು. ನಮೂನೆ ಏಳನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಅರ್ಜಿಗಳು ಮೂಟೆಗಟ್ಟಲೆ ಬರುತ್ತಿವೆ. ಹೆಚ್ಚಿನವು ತಾಯಿಯ ಬಗ್ಗೆ ಅಲ್ಲ, ಅಳಿಯನ ಬಗ್ಗೆ.

ಕತೆಗಾರರು ಈಗ ಬೆಳಿಗ್ಗೆ ತಾಯಿ ಇಲ್ಲದ ಮನೆ ಬರೆಯುತ್ತಾರೆ, ಊಟದ ನಂತರ ತಾಯಿ ಇರುವ ಮನೆ. ಕಂತು ಮುಗಿದದ್ದೇ ಅಕ್ಕನ ಫೋನು ಬರುತ್ತದೆ. ಮೊನ್ನೆಯದನ್ನು ನಾನು ಪಕ್ಕದಲ್ಲಿಯೇ ನಿಂತು ಕೇಳಿದೆ.

"ಏನೋ, ಅಮ್ಮ ಇವತ್ತು ಎರಡು ಸಲ ಕೆಮ್ಮಿದ್ಲು. ಒಂದು ಕಣ್ಣು ಇಟ್ಟಿರ್ಬಾರ್ದೇನೋ?"

"ನಟಿಗೆ ನೆಗಡಿ ಅಕ್ಕ."

"ಅವತ್ತೂ ಹೀಗೇ ಏನೋ ನೆಪ ಹೇಳಿದ್ದೆ. ಔಷಧಿ ಬರಿ."

"ಬರೀತೀನಿ."

"ನಾಳೇನೇ ಬರಿ. ಡಾಕ್ಟರು ಮನೆಗೇ ಬರೋ ಹಾಗೆ ಬರಿ, ಅವಳಿಗೆ ಮೆಟ್ಟಿಲು ಆಗಲ್ಲ."

ಕತೆಗಾರರು ಬರೆದರು. ಪರೀಕ್ಷಕಿ ಕೆಮ್ಮನ್ನು ಸಣ್ಣ ದೋಷವೆಂದು ದಾಖಲಿಸಿದಳು, ಡಾಕ್ಟರನ್ನು ಒಪ್ಪಿದಳು. ತೊಡಕಿರುವುದು ಔಷಧಿಯಲ್ಲಿ. ಔಷಧಿಯೂ ಒಂದು ಬದಲಾವಣೆ. ಬದಲಾವಣೆ ಎಂದ ಮೇಲೆ ಹಿಂದಕ್ಕೆ ತರುವಂತಿರಬೇಕು. ಅಂದರೆ ಗುಣವಾದ ಮೇಲೂ ಬೇಕೆಂದಾಗ ತಾಯಿಯವರು ಮತ್ತೆ ಕೆಮ್ಮಲು ಶಕ್ತರಾಗಿರಬೇಕು. ಇದಕ್ಕೆಂದೇ ಇಂದು ಸಭೆ ಕರೆಯಲಾಗಿದೆ. ದಿನಕ್ಕೆ ಮೂರು ಸಲ ಕೊಡಬೇಕೆಂದು ಕತೆಗಾರರು, ಎರಡೇ ಸಾಕು, ಅಮ್ಮನಿಗೆ ಉಷ್ಣವಾಗುತ್ತದೆ ಎಂದು ಫೋನಿನಲ್ಲಿ ಅವರ ಅಕ್ಕ, ಮೊದಲು ನೂರಕ್ಕೆ ಐದು ಮನೆಯಲ್ಲಿ ಕೊಟ್ಟು ನೋಡೋಣ ಎಂದು ಯಜಮಾನರು. ಇದರಲ್ಲಿ ಯಾರ ಮಾತು ನಡೆಯಬೇಕು ಎಂಬುದಕ್ಕೂ ನಿಯಮವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತಾಯಿಯವರ ಆರೋಗ್ಯದ ಮಟ್ಟಿಗೆ ಅಕ್ಕನ ಮಾತೇ ಕೊನೆ ಎಂದು ನಿನ್ನೆ ತಿದ್ದುಪಡಿ ಆಗಿದ್ದು, ಅದರ ಮೂರನೇ ಉಪನಿಯಮದ ಪ್ರಕಾರ ಮಗನಾದವನು ಔಷಧಿ ಬರೆದ ದಿನ ತಾನೇ ಖುದ್ದಾಗಿ ಸಂಜೆಯ ಬಸ್ಸಿಗೆ...

ಬಂದೆ ಸರ್. ಸಭೆಗೆ ಕರೆಯುತ್ತಿದ್ದಾರೆ, ತಾಯಿಯವರನ್ನು ನೋಡಲು ಡಾಕ್ಟರು ಬಂದರಂತೆ.