ಭಾವನ ರಿವಾಲ್ವರಿಗೆ ನಾನು ಆರಿಸಿದ ತೋಟೆ

ಯಾರಾದರೂ ಏನಾದರೂ ಕೇಳಿದ ಕೂಡಲೇ "ನನಗೆ ಗೊತ್ತಿಲ್ಲ" ಎಂದುಬಿಡುವ ಜನರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಎಷ್ಟು ಸುಖಿಗಳು ಅವರು! ಎರಡು ಶಬ್ದ ಹೇಳಿ ಕಾಲು ಚಾಚಿ ಮಲಗುತ್ತಾರೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ನನ್ನ ಬಾಯಿಂದ ಆ ಎರಡು ಶಬ್ದ ಹೊರಟದ್ದನ್ನು ತಾನು ಕೇಳಿಲ್ಲ ಎಂದು ನನ್ನ ಹೆಂಡತಿ ಶಶಿಕಲಾ ಬಂದವರೆದುರು ಹೇಳುತ್ತಿರುತ್ತಾಳೆ. ಅವಳು ಹೇಳುವುದು ದೂರು. ಬಂದವರು ಅದನ್ನು ಹೊಗಳಿಕೆ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಳ್ಳುತ್ತೇನೆ.

ತಪ್ಪು ನನ್ನದಲ್ಲ, ನನ್ನ ಕೆಲಸದ್ದು. ದೋಹಾದ ಒಂದು ಕಟ್ಟಡ ಕಂಪೆನಿಗೆ ಸ್ಟೋರ್ ಕೀಪರ್ ಆಗಿ ಬಂದವನು ನಾನು. ಮೊಳೆ ಎಣಿಸುತ್ತಾ, ಪೈಪು ಅಳೆಯುತ್ತಾ, ಯಾವ ಅಂಗಡಿಯವನು ಎಷ್ಟರ ತನಕ ಇಳಿಯುತ್ತಾನೆಂದು ಅವನ ಹುಬ್ಬು ನೋಡಿಯೇ ಹೇಳುವಷ್ಟು ಕಲಿತು, ಪರ್ಚೇಸ್ ವಿಭಾಗದ ಕುರ್ಚಿಯ ತನಕ ತಲುಪಿದೆ. ಯಾರೂ ಕೈ ಹಿಡಿದು ಹತ್ತಿಸಲಿಲ್ಲ. ಈ ಕುರ್ಚಿ ನನಗೆ ಕಲಿಸಿದ ನಿಯಮ ಎರಡೇ. ಮೂರು ಕಡೆ ವಿಚಾರಿಸದೆ ಏನನ್ನೂ ಕೊಳ್ಳಬಾರದು. ಸ್ಯಾಂಪಲ್ ನೋಡದೆ ಯಾವುದಕ್ಕೂ ಒಪ್ಪಬಾರದು. ನೀವೂ ಇದನ್ನು ಪಾಲಿಸಿ ನೋಡಿ, ಬಾಳಿನಲ್ಲಿ ಮೋಸ ಹೋಗುವುದಿಲ್ಲ. ದೋಹಾ ಜದೀದಾ ಬಡಾವಣೆಯಲ್ಲಿ ನಮ್ಮ ಕಟ್ಟಡದ ಅಷ್ಟೂ ಮನೆಯವರು ಫ್ರಿಜ್ ಕೊಳ್ಳುವಾಗ, ಮಗಳಿಗೆ ಗಂಡು ನೋಡುವಾಗ ನನ್ನನ್ನೇ ಕೇಳುವುದು. ಫ್ರಿಜ್‌ಗಳೆಲ್ಲ ಚೆನ್ನಾಗಿ ನಡೆಯುತ್ತಿವೆ.

ಹೀಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಮೂಡುಬಿದಿರೆಯಿಂದ ಸದಾನಂದ ಭಾವ ಫೋನ್ ಮಾಡಿದರು. ಶಶಿಕಲಾಳ ಅಣ್ಣ. ಅಲ್ಲಿ ಅವರಿಗೆ ಚಿನ್ನದ ಅಂಗಡಿ ಇದೆ. ಕೆಲವು ತಿಂಗಳ ಹಿಂದೆ ಬೈಕಿನವನೊಬ್ಬ ಮೂರು ಸಂಜೆ ಅವರನ್ನು ಅಂಗಡಿಯಿಂದ ಮನೆಯವರೆಗೆ ಹಿಂಬಾಲಿಸಿದ್ದ. ನಾಲ್ಕನೆಯ ದಿನವೇ ಭಾವ ಆತ್ಮರಕ್ಷಣೆಗೆಂದು ರಿವಾಲ್ವರ್ ಲೈಸೆನ್ಸಿಗೆ ಅರ್ಜಿ ಹಾಕಿದರು. ಐದನೆಯ ದಿನ ಆ ಬೈಕಿನವನು ಅಂಗಡಿಗೇ ಬಂದು, ತಾನು ಇನ್ಶೂರೆನ್ಸ್ ಏಜೆಂಟನೆಂದೂ, ಮಾತಾಡಲು ಸಂಕೋಚವಾಗಿ ಮೂರು ದಿನ ಹಿಂದೆ ಹಿಂದೆ ಬಂದೆನೆಂದೂ ಹೇಳಿ ಪಾಲಿಸಿ ಮಾಡಿಸಿ ಹೋದ. ಆದರೆ ಹಾಕಿದ ಅರ್ಜಿ ಹಾಕಿದ್ದೇ. ಸರಕಾರ ಸಾವಕಾಶವಾಗಿ ಯೋಚಿಸಿ ಈಗ ಲೈಸೆನ್ಸ್ ಕೊಟ್ಟಿತ್ತು.

"ರಿವಾಲ್ವರ್ ಬಂತು ಭಾವ," ಎಂದರು. "ಪಾಯಿಂಟ್ ಮೂವತ್ತೆರಡು ಬೋರಿನದ್ದು, ಚಿಕ್ಕದು. ದಿನಾ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗ್ಲಿಕ್ಕೆ ಲಾಯ್ಕುಂಟು. ತೋಟೆ ಯಾವುದು ಹಾಕುವುದು ಅಂತ ನಿಮ್ಮತ್ರ ಒಂದು ಮಾತು ಕೇಳುವ ಅಂತ."

ಅವತ್ತೇ ಆ ಎರಡು ಶಬ್ದ ಹೇಳಬೇಕಿತ್ತು. ಕೋವಿಯ ಬಗ್ಗೆ ನನಗಿದ್ದ ಅನುಭವವೆಂದರೆ, ಸಣ್ಣವನಿದ್ದಾಗ ನೆರೆಯವರು ಹಂದಿ ಓಡಿಸಲು ಈಡು ಹೊಡೆದದ್ದು, ಹಂದಿಗಿಂತ ಮೊದಲು ನಾನು ಓಡಿದ್ದು. ಮೇಲಾಗಿ ನಾನಿರುವುದು ಅಂಗಡಿಯೆದುರು ಕಾರನ್ನು ಚಾಲೂ ಇಟ್ಟೇ ಇಳಿದು ಮೊಸರು ತರುವ ಊರಿನಲ್ಲಿ. ನನ್ನ ಬಳಿ ಇರುವ ಅತಿ ಅಪಾಯದ ಆಯುಧ ಉಗುರು ಕತ್ತರಿಸುವುದು. ಆದರೂ ನನ್ನ ನಾಲಿಗೆ ಹೇಳಿತು: "ಒಂದು ವಾರ ಟೈಮ್ ಕೊಡಿ ಭಾವ. ಅವಸರ ಮಾಡಿ ಯಾವುದನ್ನೂ ತುಂಬಿಸಬೇಡಿ."

ನಮ್ಮ ಸೈಟಿನಲ್ಲಿ ಗ್ಯಾರಿ ಎಂಬ ಅಮೇರಿಕದವನಿದ್ದ. ಕ್ರೇನ್ ವಿಭಾಗದ ಎಂಜಿನಿಯರ್, ಆರೂವರೆ ಅಡಿ ಆಳು. ಅವನ ಊರಲ್ಲಿ ಜನ ಪಿಸ್ತೂಲನ್ನು ನಮ್ಮವರು ಛತ್ರಿ ಹಿಡಿದ ಹಾಗೆ ಹಿಡಿದು ಹೋಗುತ್ತಾರಂತೆ. ಕ್ಯಾಬಿನ್ನಿನಲ್ಲಿ ಚಹಾ ಕುಡಿಸಿ ವಿಷಯ ತೆಗೆದೆ. ಇಷ್ಟು ದಿನ ಸಿಮೆಂಟಿನ ವಿಷಯದಲ್ಲಿ ನನ್ನೊಡನೆ ಜಗಳ ಬಿಟ್ಟು ಬೇರೇನೂ ಆಡದ ಆ ಮನುಷ್ಯನ ಮುಖ, ಊರಿನ ಮೀನು ಸಾರಿನ ಹೆಸರು ಕೇಳಿದ ನಮ್ಮವರ ಮುಖದಂತೆ ಅರಳಿತು. ನನ್ನ ಒಂದು ಕೊಟೇಶನ್ನಿನ ಹಿಂಬದಿಯಲ್ಲಿ ಚಿತ್ರ ಬರೆಯಲು ಶುರು ಮಾಡಿದ.

ಗುಂಡಿನ ಮೂಗಿನಲ್ಲಿ ಇರುವುದಂತೆ ಎಲ್ಲ ಗುಟ್ಟು. ಮೂಗು ಉರುಟಾಗಿ ಗಟ್ಟಿ ಇದ್ದರೆ ಅದು ಕಳ್ಳನ ಒಳಗೆ ಹೋಗಿ, ಹಿಂದಿನಿಂದ ಹೊರಬಂದು, ಆಚೆ ಬದಿಯ ಪಾಪದವನಿಗೂ ತಾಗಬಹುದು. ಮೂಗಿನಲ್ಲಿ ಗುಳಿ ಇದ್ದರೆ ತಾಗಿದ ಮೇಲೆ ಮೊಗ್ಗು ಬಿರಿದ ಹಾಗೆ ಅರಳಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ದಿನಾ ಹಿಡಿದು ತಿರುಗುವವರು ಗುಳಿಯದ್ದನ್ನೇ ಆರಿಸುವುದು. ನಾನು ಬರೆದುಕೊಂಡೆ. ಮರುದಿನ ಅವನೇ ಹುಡುಕಿಕೊಂಡು ಬಂದ. "ನಿನ್ನ ಭಾವನದ್ದು ಮೂವತ್ತೆರಡು ಅಂದೆಯಲ್ಲ? ಹಾಗಾದರೆ ನಿನ್ನೆ ಹೇಳಿದ್ದನ್ನು ಹೊಡೆದುಹಾಕು. ಅಷ್ಟು ಸಣ್ಣದಕ್ಕೆ ಜೋರು ಕಡಿಮೆ. ಗುಳಿ ಇದ್ದರೆ ದಪ್ಪ ಅಂಗಿಯಲ್ಲೇ ಸುಸ್ತಾಗಿ ಒಳಗೆ ಹೋಗುವುದಿಲ್ಲ. ಸಣ್ಣದಕ್ಕೆ ಗಟ್ಟಿ ಮೂಗೇ ವಾಸಿ." ಅದನ್ನೂ ಬರೆದುಕೊಂಡೆ. ಆಮೇಲೆ ಗ್ಯಾರಿ ಹೇಳಿದ: ಯಾವುದೇ ಇರಲಿ, ಹೊಡೆದಾಗ ಪ್ರತಿ ಸಲ ಸಿಡಿಯುವಂಥದ್ದು ಇರಬೇಕು, ಅದರಲ್ಲೇ ಅಭ್ಯಾಸ ಮಾಡಬೇಕು, ಬೆವರಿನ ಕಿಸೆಯಲ್ಲಿ ವರ್ಷಗಟ್ಟಲೆ ಇಟ್ಟ ತೋಟೆಯನ್ನು ನಂಬಬಾರದು.

"ನಿನ್ನ ಭಾವ ಎಷ್ಟು ಅಭ್ಯಾಸ ಮಾಡಿದ್ದಾನೆ?"

"ಇಲ್ಲಿಯ ತನಕ ಇಲ್ಲ."

"ಅವನು ಹೋಗುವ ದಾರಿಯಲ್ಲಿ ಜನ ಎಷ್ಟು?"

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಸಂಜೆಯ ಆರು ಗಂಟೆಯನ್ನು ನನ್ನ ಇಂಗ್ಲಿಷಿನಲ್ಲಿ ವರ್ಣಿಸಿದೆ. ಎದುರು ಜನ, ಹಿಂದೆ ಜನ, ನಡುವೆ ಮಲ್ಲಿಗೆ ಮಾರುವವರು, ಶಾಲೆ ಬಿಟ್ಟ ಮಕ್ಕಳು, ಹತ್ತು ಬಸ್ಸು. ಗ್ಯಾರಿ ಪೆನ್ನು ಕೆಳಗಿಟ್ಟ. "ಒಂದು ಪೀಪಿ ಇಟ್ಟುಕೊಳ್ಳಲಿ," ಎಂದ.

ಇದಕ್ಕಿಂತ ಒಳ್ಳೆಯ ಸಲಹೆಯನ್ನು ಆಮೇಲೆ ಯಾರೂ ಕೊಡಲಿಲ್ಲ. ಆದರೆ ಒಂದು ವಾರ ಟೈಮ್ ತೆಗೆದುಕೊಂಡವನು ಭಾವನಿಗೆ ಪೀಪಿ ಊದಿ ಎಂದು ಹೇಳುವುದು ಹೇಗೆ? ನಾನು ಕಂಪ್ಯೂಟರಿನೆದುರು ಕೂತು ಒಂದು ತಖ್ತೆ ತಯಾರಿಸಿದೆ. ಮೂಗಿನ ಬಗೆ, ಒಳಹೋಗುವ ಆಳ, ಕೈಗೆ ಬರುವ ಒದೆತ, ಹಿಂದೆ ನಿಂತವರಿಗೆ ಅಪಾಯ, ಹೀಗೆ ಆರು ಕಾಲಂ. ಶಶಿಕಲಾ ಬಗ್ಗಿ ನೋಡಿದಳು.

"ಮಿಕ್ಸಿಯ ಜಾರು ಸೋರ್ಲಿಕ್ಕೆ ಶುರುವಾಗಿ ತಿಂಗಳಾಯ್ತು. ಅದಕ್ಕೊಂದು ವಾಷರ್ ತರ್ಲಿಕ್ಕೆ ನಿಮಗೆ ಪುರುಸೊತ್ತಿಲ್ಲ."

"ಇದು ನಿನ್ನ ಅಣ್ಣನ ಜೀವದ ಪ್ರಶ್ನೆ ಮಾರಾಯ್ತಿ."

"ನನ್ನ ಅಣ್ಣ ಪಟಾಕಿ ಹೊಡೆಯುವಾಗ ಕಿವಿ ಮುಚ್ಚಿ ಒಳಗೆ ಕೂತುಕೊಳ್ಳುವವ. ಅವನ ಜೀವಕ್ಕೆ ಎಂತ ಆಗುವುದಿಲ್ಲ. ಉಳಿದವರದ್ದು ನೋಡಿ."

ತಖ್ತೆಯನ್ನು ಭಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಪ್ರತಿ ಕಾಲಮ್ಮಿಗೂ "ಹೌದಾ ಭಾವ, ಹೌದಾ ಭಾವ" ಎಂದರು. ಕೊನೆಯಲ್ಲಿ, ಹದಿನೈದು ವರ್ಷಗಳಿಂದ ಪ್ರತಿ ಸಪ್ಲೈಯರನಿಗೆ ಹೇಳಿ ಹೇಳಿ ರೂಢಿಯಾದ ಮಾತು ನನ್ನ ಬಾಯಿಂದ ತಾನಾಗಿಯೇ ಹೊರಟಿತು: "ಏನೇ ಆಗಲಿ, ಒಂದು ಸ್ಯಾಂಪಲ್ ಕಳಿಸಿ. ನೋಡಿ ಹೇಳುತ್ತೇನೆ." ಹೇಳಿದೆ, ಫೋನ್ ಇಟ್ಟೆ, ಮರೆತೆ.

ಇನ್ನು ಹಮೀದಾಕನ ವಿಷಯ ಹೇಳಬೇಕು. ಹಮೀದಾಕ ಮೂಡುಬಿದಿರೆ ಕಡೆಯ ಬ್ಯಾರಿಗಳು. ಮೂವತ್ತು ವರ್ಷದಿಂದ ಕತಾರಿನಲ್ಲಿದ್ದಾರೆ. ಇಲ್ಲಿನ ಮುಐದರ್‌ನಲ್ಲಿ ಬಟ್ಟೆ ಅಂಗಡಿ, ಮನೆ, ಮೊಮ್ಮಕ್ಕಳು. ಅವರು ಊರಿಗೆ ಹೋಗುತ್ತಾರೆಂದರೆ ನಮಗೆಲ್ಲ ಅಂಚೆ ಹೊರಟ ಹಾಗೆ. ಹೋಗುವಾಗ ನಮ್ಮ ಖರ್ಜೂರ, ಸಾಬೂನು, ಸೆಂಟು. ಬರುವಾಗ ನಮ್ಮ ಹಪ್ಪಳ, ಒಣ ಮೀನು, ಹೊಲಿಸಿದ ರವಿಕೆ. ಇಲ್ಲ ಎಂಬ ಮಾತು ಅವರಲ್ಲಿಲ್ಲ. ಆ ಸಲ ಅವರು ತಂಗಿಯ ಮಗಳ ಮದುವೆಗೆ ಹೋಗಿದ್ದರು.

ಅವರು ಮರಳುವ ದಿನ ಬೆಳಿಗ್ಗೆ ಭಾವನ ಫೋನ್ ಬಂತು. "ಪಾರ್ಸೆಲ್ ನಿನ್ನೆ ಹಮೀದಾಕನ ಮನೆಗೆ ಮುಟ್ಟಿಸಿದೆ ಭಾವ. ಶಶಿಯ ಎರಡು ರವಿಕೆ ಉಂಟು, ಹಲಸಿನ ಹಪ್ಪಳ ಉಂಟು. ಸಿಗಡಿ ಚಟ್ನಿಪುಡಿಯ ಡಬ್ಬಿ ಉಂಟಲ್ಲ, ಅದರೊಳಗೆ ಪುಡಿಯ ಅಡಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಿಮ್ಮ ಸ್ಯಾಂಪಲ್ ಇಟ್ಟಿದ್ದೇನೆ."

"ಯಾವ ಸ್ಯಾಂಪಲ್?"

"ತೋಟೆದ್ದು."

ನನ್ನ ಕಾಲಿನ ಕೆಳಗಿನ ಟೈಲ್ಸ್ ತಣ್ಣಗಾಯಿತು. "ಜೀವಂತದ್ದಾ?"

"ಮತ್ತೆ? ಖಾಲಿದು ಕಳಿಸಿದರೆ ನೀವು ಎಂತ ನೋಡುವುದು?"

"ಯಾವ ಬಗೆ ಸಿಕ್ಕಿತು?" ಎಂದು ಕೇಳಿದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಕೇಳಿದೆ.

"ಅಂಗಡಿಯವನ ಹತ್ತಿರ ಇದ್ದದ್ದೇ ಒಂದು ಬಗೆ ಭಾವ. ಉರುಟು ಮೂಗಿನದ್ದು. ಮೊದಲ ದಿನವೇ ತಕ್ಕೊಂಡಾಗಿದೆ. ನಿಮ್ಮ ಉತ್ಸಾಹ ನೋಡಿ ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ."

ಆರು ಕಾಲಮ್ಮಿನ ತಖ್ತೆಗಾಗಿ ಅಳಲು ಅದು ಹೊತ್ತಾಗಿರಲಿಲ್ಲ. ಹಮೀದಾಕ ಆ ಡಬ್ಬಿ ಹೊತ್ತು ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಟಿದ್ದಾರೆ. ಅಲ್ಲಿ ಹಿಡಿದರೆ ಅಲ್ಲಿಯ ಜೈಲು. ಇಲ್ಲಿ ಹಿಡಿದರೆ ಇಲ್ಲಿಯದು. ಬಟ್ಟೆ ಅಂಗಡಿ, ಮೂವತ್ತು ವರ್ಷ, ಎಲ್ಲ ಖಲಾಸ್. ನಿಜ ಹೇಳುತ್ತೇನೆ, ಇದೆಲ್ಲ ನನಗೆ ಹೊಳೆದದ್ದು ಎರಡನೆಯದಾಗಿ. ಮೊದಲು ಹೊಳೆದದ್ದು, ಪಾರ್ಸೆಲ್ಲಿನ ಮೇಲೆ ಕಪ್ಪು ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿರುವುದು ನನ್ನ ಹೆಸರು ಮತ್ತು ಮೊಬೈಲ್ ನಂಬರ್ ಎಂದು.

ಹಮೀದಾಕನ ಊರಿನ ಮೊಬೈಲಿಗೆ ಕರೆ ಮಾಡಿದರೆ ಎತ್ತಿದ್ದು ಅವರ ಅಳಿಯ. ಹೊರಡುವಾಗ ಆ ಮೊಬೈಲನ್ನು ಮನೆಯಲ್ಲೇ ಬಿಡುವುದು ಅವರ ಕ್ರಮವಂತೆ. "ಮಾವ ಹೋಗಿ ಗಂಟೆಯಾಯ್ತು," ಎಂದ. ಭಾವನಿಗೆ ಹೇಳಿದೆ: "ಈಗಲೇ ಬಜ್ಪೆಗೆ ಓಡಿ, ಒಳಗೆ ಹೋಗುವ ಮೊದಲು ಹಿಡಿಯಿರಿ!" ಇಪ್ಪತ್ತು ನಿಮಿಷ ಕಳೆದು ಮತ್ತೆ ಫೋನ್ ಮಾಡಿದಾಗ ಭಾವ ಸ್ಕೂಟರಿನಲ್ಲಿ ಅರ್ಧ ದಾರಿಯಲ್ಲಿದ್ದರು. ನನಗೆ ಏನೋ ಹೊಳೆಯಿತು.

"ಭಾವ, ಅದು ಎಲ್ಲಿ ಉಂಟು?"

"ಯಾವುದು?"

"ರಿವಾಲ್ವರ್!"

ಆ ಕಡೆ ಸ್ಕೂಟರಿನ ಸದ್ದು ನಿಂತಿತು. "ಸೊಂಟದಲ್ಲೇ ಉಂಟಲ್ಲ ಭಾವ!"

ತುಂಬಿದ ರಿವಾಲ್ವರ್ ಸಿಕ್ಕಿಸಿಕೊಂಡು ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನ ಹೆಂಡತಿಯ ಅಣ್ಣ ಒಬ್ಬ ಮುದುಕರ ಹೆಸರು ಕೂಗುತ್ತಾ ಓಡುವ ಚಿತ್ರ ಕಣ್ಣೆದುರು ಬಂತು. "ವಾಪಸ್ ಹೋಗಿ, ಮನೆಯಲ್ಲಿಟ್ಟು ಬನ್ನಿ!" ಎಂದು ಕಿರುಚಿದೆ. ಅವರು ಮನೆಗೆ ಹೋಗಿ, ಅದನ್ನು ಹೆಂಡತಿ ಸುಮತಿಯಕ್ಕನ ಕೈಗೆ ಕೊಟ್ಟು ಬಜ್ಪೆ ಮುಟ್ಟುವಷ್ಟರಲ್ಲಿ ಹಮೀದಾಕ ಒಳಗೆ ಹೋಗಿ ಆಗಿತ್ತು.

ಸಂಜೆ ನಾನು ದೋಹಾ ವಿಮಾನ ನಿಲ್ದಾಣದಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಅವರನ್ನು ಹಿಡಿದಿದ್ದರೆ ತೋಟೆ ನನ್ನದೆಂದು ಒಪ್ಪಿಕೊಳ್ಳುವುದೆಂದು ತೀರ್ಮಾನಿಸಿದ್ದೆ. ಯಾರ ಹತ್ತಿರ, ಯಾವ ಭಾಷೆಯಲ್ಲಿ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ವಿಮಾನದ ಜನ ಒಬ್ಬೊಬ್ಬರೇ ಹೊರಬಂದರು. ಹಮೀದಾಕ ಇಲ್ಲ. ಗಾಡಿ ತಳ್ಳುವ ಪ್ರತಿ ಬಿಳಿಗಡ್ಡವೂ ಅವರದೇ ಎನಿಸಿ, ಹತ್ತಿರ ಬಂದಾಗ ಬೇರೆಯದಾಗುತ್ತಿತ್ತು. ಎಲ್ಲರೂ ಮುಗಿದ ಮೇಲೆ, ಕೊನೆಗೆ ಅವರು ಬಂದರು. ಗಾಡಿಯ ಮೇಲೆ ಹನ್ನೆರಡು ಗಂಟು. ತುದಿಯಲ್ಲಿ ನನ್ನ ಹೆಸರು.

"ಎಂತ ಮಾರಾಯ, ನೀನು ಇಲ್ಲಿ? ಪಾರ್ಸೆಲ್ ಬಂದು ವಾರವಾದ ಮೇಲೆ ಬರುವ ಜನ ನೀನು!"

"ಹಮೀದಾಕ, ಆ ಚಟ್ನಿಪುಡಿ ಡಬ್ಬಿ..."

ಅವರು ಕಾರಿನ ತನಕ ನನ್ನಿಂದಲೇ ಗಾಡಿ ತಳ್ಳಿಸಿದರು. ಒಳಗೆ ಕೂತ ಮೇಲೆ ಹೇಳಿದರು. ಊರಲ್ಲಿರುವ ಅವರ ಹೆಂಡತಿ ನಫೀಸತ್ತ, ಯಾರದ್ದೇ ಪಾರ್ಸೆಲ್ ಆಗಲಿ, ಹಿಂದಿನ ರಾತ್ರಿ ಬಿಚ್ಚಿ, ಡಬ್ಬಿಯ ಪುಡಿಯನ್ನೂ ಮೊರಕ್ಕೆ ಸುರಿದು ನೋಡಿಯೇ ಮತ್ತೆ ಕಟ್ಟುವುದು. ಮೂವತ್ತು ವರ್ಷವೂ ಹೀಗೆಯೇ. ಕೊಟ್ಟವರಿಗೆ ಬೇಸರವಾಗಬಾರದೆಂದು ಯಾರಿಗೂ ಹೇಳಿಲ್ಲ. ಆ ತೋಟೆಯನ್ನು ಹಮೀದಾಕ ಬೆಳಿಗ್ಗೆಯೇ, ಭಾವ ಅಂಗಡಿಗೆ ಹೋಗಿದ್ದಾಗ, ಅವರ ಮನೆಗೆ ಹೋಗಿ ಸುಮತಿಯಕ್ಕನ ಕೈಗೆ ಕೊಟ್ಟು ಬಂದಿದ್ದರು.

"ಹಾಗಾದರೆ ಸುಮತಿಯಕ್ಕನಿಗೆ ಗೊತ್ತಿತ್ತಾ? ಭಾವ ಬಜ್ಪೆಗೆ ಓಡಿದ್ದು, ನಾನು ಇಲ್ಲಿ..."

"ಆ ಹೆಂಗಸೇ ಹೇಳಿದ್ದು, ಇಬ್ಬರೂ ಒಂದು ದಿನ ಬೆವರಲಿ ಅಂತ."

ರಿವಾಲ್ವರನ್ನೂ ಅಕ್ಕ ಕಪಾಟಿನಲ್ಲಿಟ್ಟು ಬೀಗದ ಕೈಯನ್ನು ತಾಳಿಯ ಸರಕ್ಕೆ ಕಟ್ಟಿಕೊಂಡರೆಂದು ಆಮೇಲೆ ತಿಳಿಯಿತು. ಮುಂದಿನ ವಾರ ಭಾವ ಅದನ್ನು ತೋಟೆಗಳ ಸಮೇತ ಠಾಣೆಗೆ ಒಪ್ಪಿಸಿ ಬಂದರು. ಈಗ ನಿದ್ದೆ ಚೆನ್ನಾಗಿ ಬರುತ್ತಿದೆಯಂತೆ.

ಅವತ್ತು ಕಾರಿನಲ್ಲಿ ನಾನು ನಗಲು ನೋಡಿದೆ. ಹಮೀದಾಕ ನಗಲಿಲ್ಲ. "ಅದನ್ನು ಮೊರದಲ್ಲಿ ಕಂಡೆ ಮಾರಾಯ. ನಫೀಸ ನೋಡದೆ ಇರುತ್ತಿದ್ದರೆ? ಮೊಮ್ಮಕ್ಕಳ ಮುಖ ನೆನಪಾಯ್ತು. ಈ ಹನ್ನೆರಡು ಗಂಟೇ ಕಡೆ. ಇನ್ನು ನಾನು ಯಾರದ್ದೂ ಒಯ್ಯುವುದಿಲ್ಲ."

ಕ್ಷಮೆ ಕೇಳಿದೆ. ಬೆಲೆ ಇಳಿಸಲು ಎಷ್ಟೋ ಜನರ ಗಡ್ಡ ಹಿಡಿದವನು ನಾನು. ಆ ಮಾತಿನಲ್ಲಿ ಹಮೀದಾಕ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಸುದ್ದಿ ಹಬ್ಬಿತು. ಕಾರಣ ಯಾರೆಂದು ಹಮೀದಾಕ ಬಾಯಿಬಿಡಲಿಲ್ಲ, ಶಶಿಕಲಾ ಬಿಟ್ಟಳು. ಪಾರ್ಸೆಲ್ ಇನ್ನು ಯಾರು ಒಯ್ಯುವುದು ಎಂದು ಹನ್ನೊಂದು ಮನೆಯವರು ನಮ್ಮ ಹಜಾರದಲ್ಲಿ ಬಂದು ಕೂತರು. ಯಾರೂ ನನ್ನ ಸಲಹೆ ಕೇಳಲಿಲ್ಲ, ಸುಮ್ಮನೆ ನನ್ನನ್ನು ನೋಡಿದರು.

ಹಾಗಾಗಿ ಈ ರಜೆಗೆ ಊರಿಗೆ ಹೊರಟಾಗ ಹನ್ನೊಂದು ಮನೆಯ ಗಂಟು ನನ್ನ ಪೆಟ್ಟಿಗೆ ಸೇರಿತು. ಹಿಂದಿನ ಸಂಜೆ ನಾನೂ ಹೆಂಡತಿಯೂ ನೆಲದ ಮೇಲೆ ಕೂತು ಒಂದೊಂದನ್ನೂ ಬಿಚ್ಚಿ, ಹಾಲಿನ ಪುಡಿಯನ್ನು ಜರಡಿ ಹಿಡಿದು, ಖರ್ಜೂರವನ್ನು ಬಿಡಿಸಿ ನೋಡಿ, ಮತ್ತೆ ಕಟ್ಟಿದೆವು. ಪೆಟ್ಟಿಗೆಯ ಮೇಲೆ ಕೂತರೂ ಅದು ಮುಚ್ಚಲಿಲ್ಲ. ನನ್ನ ಅಂಗಿಗಳನ್ನು ಹೊರಗೆ ತೆಗೆದೆ. ಆಮೇಲೆ ಅವಳ ಸೀರೆಗಳನ್ನು.

"ಇದರಲ್ಲಿ ಈಗ ನಮ್ಮದು ಎಂತ ಉಂಟು?" ಎಂದು ಶಶಿಕಲಾ ಕೇಳಿದಳು.

ಒಂದು ಕ್ಷಣ ಯೋಚಿಸಿದೆ. "ನನಗೆ ಗೊತ್ತಿಲ್ಲ," ಎಂದೆ.