ವೆಂಕಮ್ಮಕ್ಕನನ್ನು ಸಾಹಿತಿ ಮಾಡಿದ ಡೇಟಾಬೇಸಿಗೆ

ಮಾನ್ಯರಾದ ಡೇಟಾಬೇಸ್ ಸಾಫ್ಟ್‌ವೇರ್ ಅವರ ಸನ್ನಿಧಿಗೆ,

ಅರಳಸುರಳಿ ಕಡೆಯ ನಮ್ಮೂರ ವಾಚನಾಲಯದ ಅಧ್ಯಕ್ಷನೂ, ಕಾರ್ಯದರ್ಶಿಯೂ, ಕಸ ಗುಡಿಸುವವನೂ ಆದ ಭೂತಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕರೆಂಟಿದ್ದಷ್ಟು ಹೊತ್ತು ಕ್ಷೇಮವೆಂದು ನಂಬಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸು ಮಾತ್ರ. ಆದರೆ ತೀರ್ಥಹಳ್ಳಿಯಿಂದ ಹೊಸನಗರದವರೆಗೆ ನನ್ನ ಅರ್ಜಿಗೆ ಉತ್ತರ ಬರೆಯಲಾರದೆ ರಜೆ ಹಾಕಿದ ಗುಮಾಸ್ತರಿದ್ದಾರೆಂಬುದನ್ನು ಜಂಬಕ್ಕಲ್ಲ, ತಮ್ಮ ಅವಗಾಹನೆಗಾಗಿ ತಿಳಿಸುತ್ತೇನೆ.

ನಮ್ಮ ಪುಸ್ತಕಗಳು ಸಾಗರದವರಿಗೂ ಫೋನಿನಲ್ಲೇ ಕಾಣಲಿ ಎಂದು ನನ್ನ ತಮ್ಮನ ಮಗಳು ಸ್ವಾತಿ ತಮ್ಮನ್ನು ಕಂಪ್ಯೂಟರಿಗೆ ಬರಮಾಡಿಕೊಂಡು, ಪುಸ್ತಕಗಳ ವಿವರ ತುಂಬುವ ಕೆಲಸವನ್ನು ನನಗೆ ಒಪ್ಪಿಸಿ ಕಾಲೇಜಿಗೆ ಹೋದಳು. ನಾನು ಮೊದಲು ಎತ್ತಿಕೊಂಡಿದ್ದು ನಮ್ಮೂರ ವೆಂಕಮ್ಮಕ್ಕ ವಾಚನಾಲಯಕ್ಕೆ ಕೊಟ್ಟ ಪುಸ್ತಕದ ಪೆಟ್ಟಿಗೆಯನ್ನು. ಆಕೆಯ ಯಜಮಾನರು ದಿವಂಗತ ವಾಸಪ್ಪನವರು ದಿನಾ ಸಂಜೆ ಜಗಲಿಯಲ್ಲಿ ಕೂತು ಆಕೆಗೆ ಓದಿ ಹೇಳುತ್ತಿದ್ದ ಪುಸ್ತಕಗಳವು. ಗೆದ್ದಲು ಸಹ ಸಾಹಿತ್ಯಪ್ರಿಯವಾದ್ದರಿಂದ ರಟ್ಟು ಸಹಿತ ಮೊದಲ ಹಾಳೆಗಳನ್ನೆಲ್ಲ ಓದಿ ಮುಗಿಸಿತ್ತು. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ತಾವಾದರೋ ಲೇಖಕರ ಹೆಸರಿನ ಖಾನೆಗೆ ಕೆಂಪು ನಕ್ಷತ್ರ ಅಂಟಿಸಿಕೊಂಡು, ಅದು ತುಂಬದ ಹೊರತು ಮುಂದೆ ಬಿಡುವುದಿಲ್ಲವೆಂದು ಬಾಗಿಲಿಗೆ ಅಡ್ಡ ನಿಂತಿರಿ. ನಮ್ಮಲ್ಲಿ ಪುಸ್ತಕವನ್ನು ಕೊಟ್ಟ ಮನೆಯ ಹೆಸರಿನಿಂದ ಗುರುತಿಸುವುದೇ ರೂಢಿ. ಬರೆದವನು ಎಲ್ಲೋ ಇರುತ್ತಾನೆ, ಕೊಟ್ಟವರು ಎದುರಿಗಿರುತ್ತಾರೆ. ಹೀಗಾಗಿ ಎಲ್ಲದಕ್ಕೂ ವೆಂಕಮ್ಮ ಎಂದೇ ಹೊಡೆದೆ. ತಾವು ಒಂದು ಮಾತೂ ಆಡದೆ ಹಸಿರು ಟಿಕ್ ಕೊಟ್ಟಿರಿ. ತಮ್ಮ ಉದಾರತೆಯಿಂದ ಆಕೆ ಎರಡು ಪತ್ತೇದಾರಿ ಕಾದಂಬರಿ, ಒಂದು ಯೋಗಾಸನದ ಪುಸ್ತಕ ಹಾಗೂ ಆಡುಕುರಿಗಳ ಕಾಯಿಲೆ ಕುರಿತ ಒಂದು ಗ್ರಂಥದ ಕರ್ತೃವಾದರು.

ಇದನ್ನು ಕಂಡ ಸಾಗರದ ಸಾಹಿತ್ಯ ಬಳಗವೊಂದು ಬೆಳಕಿಗೆ ಬಾರದ ಬಹುಮುಖ ಪ್ರತಿಭೆಗೆ ಭಾನುವಾರ ಸನ್ಮಾನ, ನಂತರ ಸ್ವರಚಿತ ಕೃತಿಯ ವಾಚನ ಎಂದು ಆಹ್ವಾನ ಕಳಿಸಿತು. ಸಹಿ ಬಿಟ್ಟರೆ ಬೇರೆ ಅಕ್ಷರ ಬಾರದ ವೆಂಕಮ್ಮಕ್ಕ ಅದನ್ನು ನನ್ನಿಂದಲೇ ಓದಿಸಿಕೊಂಡು, “ಎಂತಾ ಮಾರಾಯ ಭೂತಪ್ಪ, ಈ ವಯಸ್ಸಲ್ಲಿ ನನ್ನ ಮಾನ ತೆಗೀತೀಯಾ? ನನ್ನ ಹೆಸ್ರು ಅಳ್ಸು. ಪುಸ್ತಕ ಮಾತ್ರ ಮುಟ್ಟಬೇಡ, ಅವ್ರು ಓದಿ ಹೇಳಿದ್ದು, ಇನ್ನೊಬ್ರು ಓದ್ಲಿ ಅಂತ ಕೊಟ್ಟಿದ್ದು” ಎಂದು ಕಣ್ಣೊರೆಸಿಕೊಂಡರು.

ನಾನು ತಮ್ಮ ಲೇಖಕರ ಪಟ್ಟಿಯಿಂದ ಆಕೆಯ ಹೆಸರನ್ನಷ್ಟೇ ಅಳಿಸಿದೆ. ತಾವು ಲೇಖಕಿ ಹೋದ ಮೇಲೆ ಕೃತಿಗಳೇಕೆಂದು ಪೆಟ್ಟಿಗೆಗೆ ಪೆಟ್ಟಿಗೆಯ ವಿವರವನ್ನೇ ನುಂಗಿದಿರಿ. ಇಂಥ ನಿಷ್ಠೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಸ್ವಾತಿ ಓಡಿಬಂದು ಕಂಪ್ಯೂಟರಿನಲ್ಲಿ ತೆಗೆದಿಟ್ಟಿದ್ದ ಹಿಂದಿನ ದಿನದ ಪ್ರತಿಯಿಂದ ಎಲ್ಲವನ್ನೂ ವಾಪಸು ತಂದು, “ದೊಡ್ಡಪ್ಪ, ಹೆಸ್ರು ಅಳಿಸ್ಬೇಡಿ, ಬದಲಾಯ್ಸಿ. ಅದಕ್ಕೆ ಯಾರದ್ದಾದ್ರೂ ಒಂದು ಹೆಸ್ರು ಬೇಕು” ಎಂದಳು.

ಆದ್ದರಿಂದ ಬರೆದವರು ಗೊತ್ತಿಲ್ಲ, ಕೊಟ್ಟವರು ಗೊತ್ತು ಎಂಬ ಖಾನೆಯೊಂದನ್ನು ತಾವು ದಯಪಾಲಿಸಬೇಕೆಂದೂ, ಸಾಧ್ಯವಾದರೆ ಗೆದ್ದಲು ತಿಂದ ಹಾಳೆಗಳನ್ನು ಅದರ ಹೊಟ್ಟೆಯಿಂದ ಹೊರತೆಗೆದುಕೊಡಬೇಕೆಂದೂ ಪ್ರಾರ್ಥಿಸುತ್ತೇನೆ. ಅಲ್ಲಿಯವರೆಗೆ ಯಾರದ್ದಾದರೂ ಹೆಸರು ಬೇಕಲ್ಲ, ಎಲ್ಲ ಪುಸ್ತಕಕ್ಕೂ ತಮ್ಮ ಹೆಸರನ್ನೇ ತುಂಬಿದ್ದೇನೆ. ಅದಕ್ಕೂ ಹಸಿರು ಟಿಕ್ ಕೊಟ್ಟಿದ್ದೀರಿ.

ಇಂತು ತಮ್ಮ ವಿಶ್ವಾಸಿ, ತಮ್ಮ ನಕ್ಷತ್ರಕ್ಕೆ ಮಣಿದ
ಭೂತಪ್ಪ

ತಾ.ಕ.: ಭಾನುವಾರದ ಸನ್ಮಾನ ರದ್ದಾಗಿಲ್ಲ, ಬಳಗದವರು ಹೆಸರು ತಿದ್ದಿ ಹೊಸ ಆಹ್ವಾನ ಅಚ್ಚು ಹಾಕಿಸಿದ್ದಾರೆ. ಶಾಲು ಹೊದೆಯಲು ತಮಗೆ ಹೆಗಲಿಲ್ಲದಿದ್ದರೆ ನನ್ನದಿದೆ, ಸಂಕೋಚ ಬೇಡ. ವಾಚನ ಮಾತ್ರ ತಾವೇ ಮಾಡಬೇಕು. ತಮ್ಮ ಆಡುಕುರಿ ಗ್ರಂಥದ ಬಗ್ಗೆ ಪ್ರಶ್ನೆ ಕೇಳಲು ಮೂವತ್ತು ವರ್ಷ ಆಡು ಸಾಕಿದ ವೆಂಕಮ್ಮಕ್ಕ ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ.