ಗಿರಿನಗರದ ನೀಹಾರಿಕೆ

ಈ ದಸರಾ ಮುಗಿಯುವುದರೊಳಗೆ ಆಕಾಶವನ್ನು ಜಯಿಸಿಯೇ ತೀರುತ್ತೇನೆಂದು ನಾನು ಘೋರ ಪ್ರತಿಜ್ಞೆ ಮಾಡಿದೆ! ಸಂಜೆ ಹೊತ್ತು ದಕ್ಷಿಣದ ಕಡೆ, ಧನು ರಾಶಿಯಲ್ಲಿ, ಲಗೂನ್ ಎಂಬ ನೀಹಾರಿಕೆ ಇರುತ್ತದೆ. ನಕ್ಷತ್ರಗಳು ಹುಟ್ಟುವ ಕೆಂಪು ಮೋಡ ಅದು. ಅದರ ಫೋಟೋ ತೆಗೆಯಲೆಂದೇ ಮನೆಗೆ ಟೆಲಿಸ್ಕೋಪ್ ಬಂತು.

"ಅಟ್ಟದ ಮೇಲೆ ಗಿಟಾರ್ ಇದೆ, ಮೀನಿನ ತೊಟ್ಟಿ ಇದೆ. ಇದೊಂದು ಬಾಕಿ ಇತ್ತು," ಎಂದಳು ಮಡದಿ ಉಮಾಮಹೇಶ್ವರಿ. "ಹಬ್ಬದೊಳಗೆ ಫೋಟೋ ಬರ್ಲಿಲ್ಲ ಅಂದ್ರೆ ಇದೂ ಅಟ್ಟಕ್ಕೇ ರೀ!"

"ಬಂದ್ರೆ?"

"ಬಂದ್ರೆ ಹಾಲ್‌ನಲ್ಲೇ ಇಟ್ಕೊಳ್ಳಿ. ನಾನು ಉಸಿರೆತ್ತಲ್ಲ."

ಆಯುಧಪೂಜೆಯಂದು ಸ್ಕೂಟರು, ಮಿಕ್ಸಿ, ಕುಕ್ಕರುಗಳ ಸಾಲಿನಲ್ಲಿ ಟೆಲಿಸ್ಕೋಪನ್ನೂ ನಿಲ್ಲಿಸಿದೆ. ಗಾಜು ಹೊಳೆಯಲೆಂದು ಮುಚ್ಚಳವನ್ನೂ ತೆಗೆದೆ. "ಇದು ನನ್ನ ಆಯುಧ. ಜೋರಾಗಿ ಪೂಜೆ ಮಾಡು," ಎಂದು ಅಪ್ಪಣೆ ಕೊಡಿಸಿ ಹೂವು ತರಲು ಹೋದೆ.

ಮರುದಿನ, ವಿಜಯದಶಮಿಯ ಸಂಜೆ, ಕರೆಂಟ್ ಹೋಯಿತು. ಇಡೀ ಗಿರಿನಗರ ಶಪಿಸುತ್ತಿದ್ದರೆ ನಾನೊಬ್ಬ ಕುಣಿದೆ. ಇಂಥ ಕತ್ತಲೆ ಬೆಂಗಳೂರಿನಲ್ಲಿ ಮತ್ತೆ ಸಿಕ್ಕೀತೇ! ಟೆಲಿಸ್ಕೋಪ್ ಹೊತ್ತು ತಾರಸಿಗೆ ಓಡಿ, ಕ್ಯಾಮೆರಾ ಜೋಡಿಸಿ, ದಕ್ಷಿಣಕ್ಕೆ ಗುರಿಯಿಟ್ಟು ಕ್ಲಿಕ್ಕಿಸಿದೆ. ಪರದೆಯ ನಟ್ಟನಡುವೆ ಕೆಂಪು ಮೋಡ!

ತಡಮಾಡದೆ ಬಂಧುಬಳಗಕ್ಕೆಲ್ಲ ವಾಟ್ಸಾಪ್ ಕಳಿಸಿದೆ. ಕೆಳಗೆ ಗತ್ತಿನಿಂದ ಬರೆದೆ: "ಛಾಯಾಗ್ರಹಣ: ಗೌರೀಶಂಕರ." ಶಹಬ್ಬಾಸ್‌ಗಳ ಸುರಿಮಳೆ! ಮನೆ ಓನರ್ ಕೆಂಪರಾಜು ಅಂತೂ ಖುದ್ದಾಗಿ ತಾರಸಿಗೇ ಬಂದುಬಿಟ್ಟರು.

"ಸಖತ್ತಾಗಿದೆ ಸಾರ್! ನಾನೂ ನೋಡ್ಲಾ?" ಎನ್ನುತ್ತ ಟೆಲಿಸ್ಕೋಪನ್ನು ಅತ್ತಿತ್ತ ತಿರುಗಿಸಿದರು. "ಸಾರ್, ಈ ಕಡೆನೂ ಒಂದಿದೆ."

"ಬ್ರಹ್ಮಾಂಡ ದೊಡ್ಡದು ಕೆಂಪರಾಜು ಅವ್ರೇ. ನೀಹಾರಿಕೆಗಳಿಗೇನು ಬರವೇ?"

ಅಷ್ಟರಲ್ಲಿ ಕರೆಂಟ್ ಬಂತು.

"ಸಾರ್, ಆಚೆ ಬೀದಿ ವಾಟರ್ ಟ್ಯಾಂಕ್ ಮೇಲೂ ಒಂದು ಕೂತಿದೆಯಲ್ಲಾ!"

ಟೆಲಿಸ್ಕೋಪಿನ ಮುಂದೆ ಬಂದು ನೋಡುತ್ತೇನೆ, ಗಾಜಿನ ಮೇಲೆ ಮೂರು ಬೆರಳು ವಿಭೂತಿ, ನಡುವೆ ಕಾಸಿನಗಲ ಕುಂಕುಮ!

"ಉಮಾ! ಇದನ್ನ ಇಲ್ಲಿ ಇಟ್ಟಿದ್ದು ಯಾರೇ?"

ಕಾಫಿ ಹಿಡಿದು ಬಂದವಳು ಒಂದಿಷ್ಟೂ ವಿಚಲಿತಳಾಗಲಿಲ್ಲ. "ನಾನೇ. ಜೋರಾಗಿ ಮಾಡು ಅಂದ್ರಲ್ಲ! ಸ್ಕೂಟರಿಗೆ ಹೆಡ್‌ಲೈಟ್ ಮೇಲೆ ಇಟ್ಟೆ. ಇದಕ್ಕೆ ಮುಖ ಎಲ್ಲಿದೆಯೋ ಅಲ್ಲಿ ಇಟ್ಟೆ. ಬೊಟ್ಟನ್ನ ಬೆನ್ನಿಗೆ ಇಡೋಕಾಗತ್ತಾ?"

ಕೆಂಪರಾಜು ನಗು ತಡೆಯಲಾರದೆ ಕೆಮ್ಮುತ್ತ ಮೆಟ್ಟಿಲಿಳಿದರು. ಆ ಕೆಮ್ಮು ಗೇಟಿನವರೆಗೂ ಕೇಳಿಸಿತು.

ಟೆಲಿಸ್ಕೋಪ್ ಈಗ ಅಟ್ಟದ ಮೇಲೆ, ಗಿಟಾರಿನ ಪಕ್ಕ ಮಲಗಿದೆ. ಫೋಟೋಗೆ ಮಾತ್ರ ಮಡದಿ ಚಂದದ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾಳೆ. ಬಂದವರೆಲ್ಲ ಬೆರಗಾಗಿ ಹತ್ತಿರ ಹೋಗುತ್ತಾರೆ, ಕೆಳಗೆ ಅವಳದೇ ದುಂಡು ಅಕ್ಷರಗಳನ್ನು ಓದುತ್ತಾರೆ:

"ಛಾಯಾಗ್ರಹಣ: ಗೌರೀಶಂಕರ. ನೀಹಾರಿಕೆ: ಉಮಾಮಹೇಶ್ವರಿ."